ಹತ್ತು ತಾಸಿನ ಹಾಸಿಗೆ, ಐದೂವರೆ ತಾಸಿನ ನಿದ್ದೆ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರು ಧಾರವಾಡ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ 61 ವರ್ಷದ ಮಾಸ್ತರರು. ಪತ್ನಿಯ ಜೊತೆ ಬಂದಿದ್ದರು. "ಮೇಡಂ, ಎಂಟು ತಿಂಗಳಾತು, ನಿದ್ದಿ ನನ್ನ ಮ್ಯಾಲೆ ಮುನಿಸಿಕೊಂಡೈತ್ರಿ" ಎಂದರು. ರಾತ್ರಿ ಎರಡು ಗಂಟೆಗೆ ತಮ್ಮನ್ನು ಎಬ್ಬಿಸಿ "ನಾ ಈಗ ಮಲಗಿದ್ನೋ ಇಲ್ಲೋ?" ಎಂದು ಕೇಳುತ್ತಾರೆ ಎಂದು ಪತ್ನಿ ಹೇಳಿದಾಗ ಅವರ ದನಿಯಲ್ಲಿ ದೂರಿಗಿಂತ ದಣಿವೇ ಹೆಚ್ಚಿತ್ತು.

ನಿದ್ದೆ ಬರುತ್ತಿಲ್ಲ ಎಂದವರಿಗೆ ಸಲಹೆ ಕೊಡುವ ಮುನ್ನ ದೇಹದ ಕಾರಣಗಳನ್ನು ವಿಚಾರಿಸಲೇಬೇಕು. ಜೋರಾದ ಗೊರಕೆ, ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ಹಗಲಿನಲ್ಲಿ ಕೂತಲ್ಲೇ ತೂಕಡಿಕೆ ಇವುಗಳಿದ್ದರೆ ಅದು ನಿದ್ರಾ ಉಸಿರುಗಟ್ಟುವಿಕೆಯಾಗಿರಬಹುದು, ಅದಕ್ಕೆ ವೈದ್ಯರ ತಪಾಸಣೆಯೇ ದಾರಿ. ಮಾಸ್ತರರಲ್ಲಿ ಅಂಥ ಲಕ್ಷಣಗಳಿರಲಿಲ್ಲ. ಆದರೆ ಅವರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ, ಮೂತ್ರ ಹೆಚ್ಚಿಸುವ ಗುಳಿಗೆಯನ್ನು ರಾತ್ರಿ ಊಟದ ನಂತರ ನುಂಗುತ್ತಿದ್ದರು, ಹೀಗಾಗಿ ಮೂರು ಸಲ ಏಳಬೇಕಾಗುತ್ತಿತ್ತು. ನನ್ನ ಪತ್ರ ನೋಡಿದ ಅವರ ವೈದ್ಯರು ಅದನ್ನು ಬೆಳಿಗ್ಗೆಗೆ ಬದಲಿಸಿದರು. ಸಂಬಂಧಿಕರೊಬ್ಬರ ಮಾತಿನ ಮೇಲೆ ವಾರಕ್ಕೆ ಮೂರು ನಾಲ್ಕು ರಾತ್ರಿ ಆಲ್ಪ್ರಜೋಲಮ್ ಎಂಬ, ಆತಂಕ ತಗ್ಗಿಸಿ ಮಂಪರು ತರುವ ಗುಳಿಗೆ ತೆಗೆದುಕೊಳ್ಳುತ್ತಿದ್ದ ಸಂಗತಿ ಎರಡನೆಯ ಭೇಟಿಯಲ್ಲಷ್ಟೇ ಹೊರಬಂತು. ಈ ಬಗೆಯ ಗುಳಿಗೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯಕಾರಿ. ಆದ್ದರಿಂದ ಅವರನ್ನು ಮನೋವೈದ್ಯರ ಬಳಿ ಕಳಿಸಿದೆ, ಅವರು ಎರಡು ತಿಂಗಳಲ್ಲಿ ಹಂತಹಂತವಾಗಿ ಕಡಿಮೆ ಮಾಡಿಸಿದರು.

ಇನ್ನು ನಿದ್ದೆಯ ಮಾತು. ಎರಡು ವಾರ ನಿದ್ದೆಯ ಲೆಕ್ಕ ಬರೆಯಿರಿ ಎಂದು ಹೇಳಿದ್ದೆ. ಹಾಜರಿ ಪುಸ್ತಕದಂತೆ ಸ್ಕೇಲಿನಿಂದ ಗೆರೆ ಎಳೆದು, ಹಾಸಿಗೆಗೆ ಹೋದ ಹೊತ್ತು, ಅಂದಾಜು ಕಣ್ಣು ಹತ್ತಿದ ಹೊತ್ತು, ನಡುವಿನ ಎಚ್ಚರ, ಎದ್ದ ಹೊತ್ತು ಎಂದು ಕೆಂಪು ಶಾಯಿಯ ತಲೆಬರಹ ಹಾಕಿದ ನೋಟ್‌ಬುಕ್ಕನ್ನು ಅವರು ಮೇಜಿನ ಮೇಲಿಟ್ಟರು. ರಾತ್ರಿ ಎಂಟೂವರೆಗೆ ಹಾಸಿಗೆ, ಬೆಳಿಗ್ಗೆ ಆರೂವರೆಗೆ ಏಳುವುದು. ಊಟವಾದ ಮೇಲೆ ಹಗಲು ಒಂದು ತಾಸು ನಿದ್ದೆ. ಸಂಜೆ ಆರಕ್ಕೆ ಎರಡನೆಯ ಚಹಾ. ಸರಾಸರಿಯನ್ನು ನೀವೇ ತೆಗೆಯಿರಿ ಎಂದೆ. ಹಾಸಿಗೆಯಲ್ಲಿ ಹತ್ತು ತಾಸು, ರಾತ್ರಿಯ ನಿದ್ದೆ ಐದೂವರೆ ತಾಸು: ನೂರಕ್ಕೆ 55. ಆ ಅಂಕೆಯ ಕೆಳಗೆ ಅವರು ಗೆರೆ ಎಳೆದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಸಾಮಾನ್ಯವಾಗಿ ಇದು ನೂರಕ್ಕೆ 85ರ ಆಸುಪಾಸಿನಲ್ಲಿರಬೇಕು ಎಂದು ವಿವರಿಸಿದೆ.

ಶಾಲೆಗೆ ಹೋಗುತ್ತಿದ್ದಷ್ಟು ದಿನ ಐದೂವರೆಗೆ ಏಳುವುದು ಅನಿವಾರ್ಯವಾಗಿತ್ತು, ಬೆಳಗಿನ ಬಿಸಿಲು ಮೈಗೆ ಬೀಳುತ್ತಿತ್ತು, ತರಗತಿಯಲ್ಲಿ ನಿಂತೇ ದಿನ ಕಳೆಯುತ್ತಿತ್ತು. ನಿವೃತ್ತಿಯ ನಂತರ ಇವೆಲ್ಲ ಒಮ್ಮೆಲೇ ನಿಂತುಹೋದವು. ಮೊದಲ ಕೆಲವು ವಾರ ನಿದ್ದೆ ಕೆಟ್ಟಿತು. ಕೆಟ್ಟ ನಿದ್ದೆಯನ್ನು ತುಂಬಿಕೊಳ್ಳಲೆಂದು ಅವರು ಬೇಗ ಮಲಗತೊಡಗಿದರು, ತಡವಾಗಿ ಏಳತೊಡಗಿದರು, ಮಧ್ಯಾಹ್ನವೂ ಕಣ್ಣು ಮುಚ್ಚಿದರು. ನನ್ನ ಅನುಭವದಲ್ಲಿ ನಿದ್ದೆಗೇಡು ತಿಂಗಳುಗಟ್ಟಲೆ ಉಳಿಯಲು ಮೊದಲ ಕಾರಣಕ್ಕಿಂತ ಈ ಭರ್ತಿ ಮಾಡುವ ಪ್ರಯತ್ನವೇ ಹೆಚ್ಚು ಹೊಣೆಯಾಗಿರುತ್ತದೆ. ನಿದ್ದೆಗೂ ಒಂದು ಹಸಿವಿದೆ. ನಾಲ್ಕು ಗಂಟೆಗೆ ಚುನಮರಿ, ಮಿರ್ಚಿ ತಿಂದವರಿಗೆ ರಾತ್ರಿ ರೊಟ್ಟಿ ಸೇರುವುದಿಲ್ಲ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗಿ ಮಂಪರು ತರುತ್ತದೆ. ಹಗಲಿನ ನಿದ್ದೆ ಅದನ್ನು ಇಳಿಸುತ್ತದೆ. ಚಹಾದಲ್ಲಿರುವ ಕೆಫೀನ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ, ಮತ್ತು ಕುಡಿದ ಐದಾರು ತಾಸಿನ ನಂತರವೂ ಹಲವರ ಮೈಯಲ್ಲಿ ಅದರ ಅರ್ಧದಷ್ಟು ಉಳಿದಿರುತ್ತದೆ.

ಎದುರು ಗೋಡೆಯ ಮೇಲೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಮುಳ್ಳಿನ ಗಡಿಯಾರವಿತ್ತು. ಒಂದೂವರೆಗೆ ಎಚ್ಚರವಾದರೆ "ಈಗ ಮಲಗಿದರೂ ಐದು ತಾಸು", ಎರಡೂವರೆಗೆ "ಇನ್ನು ನಾಲ್ಕೇ" ಎಂದು ಕಳೆಯುವ ಲೆಕ್ಕ ನಡೆಯುತ್ತಿತ್ತು. ಎಂಟು ತಾಸು ನಿದ್ದೆಯಾಗದಿದ್ದರೆ ಹೃದಯ ನಿಂತೇ ಹೋಗುತ್ತದೆ ಎಂದು ಅವರು ಎಲ್ಲೋ ಓದಿ ಹೆದರಿದ್ದರು. ನಿದ್ದೆಯ ಅಗತ್ಯ ಎಲ್ಲರಿಗೂ ಒಂದೇ ಅಲ್ಲ, ವಯಸ್ಸಾದಂತೆ ಗಾಢ ನಿದ್ದೆಯ ಪಾಲು ಸಹಜವಾಗಿಯೇ ಇಳಿಯುತ್ತದೆ, ನಡುರಾತ್ರಿ ಒಂದೆರಡು ಸಲ ಎಚ್ಚರವಾಗುವುದು ರೋಗವಲ್ಲ ಎಂಬುದನ್ನು ಅವರು ನಂಬಲು ಎರಡು ಭೇಟಿಗಳು ಬೇಕಾದವು.

ಕೊಟ್ಟ ಸಲಹೆ ಕೇಳಲು ವಿಚಿತ್ರವಾಗಿತ್ತು: ಹಾಸಿಗೆಯ ಹೊತ್ತನ್ನು ಆರು ತಾಸಿಗೆ ಇಳಿಸುವುದು. ರಾತ್ರಿ ಹನ್ನೊಂದೂವರೆಗೆ ಮುಂಚೆ ಹಾಸಿಗೆ ಮುಟ್ಟಬಾರದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಐದೂವರೆಗೆ ಏಳಬೇಕು. ಮಲಗಿ ಇಪ್ಪತ್ತು ನಿಮಿಷದಷ್ಟಾದರೂ ಕಣ್ಣು ಹತ್ತದಿದ್ದರೆ, ಗಡಿಯಾರ ನೋಡದೆ ಅಂದಾಜಿನಲ್ಲೇ, ಎದ್ದು ಪಡಸಾಲೆಗೆ ಬಂದು ಮಂದ ಬೆಳಕಿನಲ್ಲಿ ಕೂರಬೇಕು. ಕಣ್ಣೆವೆ ಭಾರವಾದ ಮೇಲಷ್ಟೇ ಮರಳಬೇಕು. ಹಾಸಿಗೆಯೆಂದರೆ ಹೊರಳಾಟ ಎಂದು ಕಲಿತಿದ್ದ ಮೈಗೆ ಆ ಪಾಠ ಮರೆಸುವುದು ಇದರ ಉದ್ದೇಶ. ಗಡಿಯಾರ ಅಡುಗೆಮನೆಗೆ ಹೋಯಿತು, ಎರಡನೆಯ ಚಹಾ ಮಧ್ಯಾಹ್ನ ಎರಡಕ್ಕೆ ಬಂತು. ಬೆಳಿಗ್ಗೆ ಬೆಳಕು ಹರಿದ ಮೇಲೆ ಅರ್ಧ ತಾಸು ನಡಿಗೆಯನ್ನೂ ಸೇರಿಸಿದೆ, ಏಕೆಂದರೆ ಮೈಯೊಳಗಿನ ಗಡಿಯಾರವನ್ನು ಸರಿಹೊಂದಿಸುವಲ್ಲಿ ಬೆಳಗಿನ ಬೆಳಕಿನಷ್ಟು ಬಲವಾದದ್ದು ಬೇರೊಂದಿಲ್ಲ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಈ ಕ್ರಮದ ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚುತ್ತದೆ, ಆಗ ವಾಹನ ಓಡಿಸಬಾರದು. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ತೂಗಾಡುವ ಕಾಯಿಲೆ) ಇರುವವರು ಇದನ್ನು ತಾವಾಗಿಯೇ ಮಾಡಿಕೊಳ್ಳಲೇಬಾರದು. ಮಾಸ್ತರರ ಸ್ಕೂಟರಿನ ಕೀಲಿಯನ್ನು ಪತ್ನಿ ಮೂರು ವಾರ ತಮ್ಮ ಬಳಿಯೇ ಇಟ್ಟುಕೊಂಡರು.

ಮೊದಲ ವಾರ ಕಷ್ಟದ್ದೇ. ಐದನೆಯ ದಿನ ಫೋನ್ ಮಾಡಿ, "ಇದ್ದದ್ದೂ ಹೋತ್ರಿ ಮೇಡಂ" ಎಂದರು. ಹತ್ತು ದಿನ ತಾಳಿಕೊಳ್ಳಲು ಹೇಳಿದೆ. ರಾತ್ರಿ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಎಚ್ಚರವಿರುವುದೇ ಅವರಿಗೆ ದೊಡ್ಡ ಸಮಸ್ಯೆ ಎಂದು ತಿಳಿದಾಗ, ಪಕ್ಕದ ಮನೆಯ ಎಸ್‌ಎಸ್‌ಎಲ್‌ಸಿ ಹುಡುಗನಿಗೆ ಒಂಬತ್ತೂವರೆಯವರೆಗೆ ಗಣಿತ ಹೇಳಿಕೊಡುವ ಏರ್ಪಾಡನ್ನು ಪತ್ನಿಯೇ ಮಾಡಿದರು. ನಾನು ಕೊಟ್ಟ ಎಲ್ಲ ಸಲಹೆಗಿಂತ ಅದು ಹೆಚ್ಚು ಕೆಲಸ ಮಾಡಿತು ಎಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ಅವರ ಹಗಲಿಗೆ ಮತ್ತೆ ಒಂದು ತಯಾರಿ ಬಂತು. ಮೂರನೆಯ ವಾರ ಆರು ತಾಸಿನಲ್ಲಿ ಐದು ತಾಸು ಇಪ್ಪತ್ತು ನಿಮಿಷ ನಿದ್ದೆಯಾಗಿತ್ತು. ಆಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತಂದು, ಏಳನೆಯ ವಾರದ ಹೊತ್ತಿಗೆ ಹತ್ತೂಮುಕ್ಕಾಲಿಗೆ ನಿಲ್ಲಿಸಿದೆವು. ಈಗ ಸುಮಾರು ಆರು ತಾಸು ಮಲಗುತ್ತಾರೆ. ಕೆಟ್ಟ ರಾತ್ರಿಗಳು ಇನ್ನೂ ಬರುತ್ತವೆ. ಅಂಥ ರಾತ್ರಿಯ ಮರುದಿನ ಬೇಗ ಮಲಗಬಾರದು ಎಂಬ ಒಂದು ನಿಯಮವನ್ನು ಮಾತ್ರ ಬಿಡಬೇಡಿ ಎಂದು ಹೇಳಿದ್ದೇನೆ.

ಕೊನೆಯ ಭೇಟಿಗೆ ನೋಟ್‌ಬುಕ್ ತಂದಿರಲಿಲ್ಲ. ಹುಡುಗನಿಗೆ ಲೆಕ್ಕ ಬರೆದುಕೊಡಲು ಅದರ ಹಾಳೆಗಳೇ ಬೇಕಾದವು ಎಂದರು.