ಮರಿ ಹಠ ಮಾಡ್ತಿಲ್ಲ, ನಿಮಗೆ ಹೆದರಿಕೊಂಡಿದೆ

ಹನ್ನೆರಡು ವಾರದ ಜ್ಯಾಕ್ ರಸೆಲ್ ಟೆರಿಯರ್ ಮರಿ, ಅರ್ಧ ಗಂಟೆ ಹೊರಗೆ ಸುತ್ತಿಸಿದರೂ ಉಚ್ಚೆ ಹೊಯ್ಯಲ್ಲ, ಮನೆಯೊಳಗೆ ಬಂದ ಕೂಡಲೇ ಸೋಫಾ ಹಿಂದೆ ಹೋಗಿ ಮಾಡುತ್ತೆ, ಬೈದು ಎರಡೇಟು ಕೊಟ್ಟರೂ ಕಲೀತಿಲ್ಲ ಅಂತ ಕೇಳಿದ್ದೀರಿ. ಅದು ಕಲಿತಿದೆ. ಇವರ ಕಣ್ಣೆದುರು ಹೊಯ್ದರೆ ಏಟು ಬೀಳುತ್ತೆ ಅನ್ನೋದನ್ನ ಕಲಿತಿದೆ. ಅದಕ್ಕೇ ಸೋಫಾ ಹಿಂದೆ ಅಡಗಿಕೊಳ್ಳುತ್ತೆ, ಹೊರಗೆ ನೀವು ಪಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದರೆ ತಡೆದುಕೊಳ್ಳುತ್ತೆ.

ನಾನೂ ಇದೇ ತಪ್ಪು ಮಾಡಿದ್ದೆ, ಇವತ್ತಿಗೂ ನೆನೆಸಿಕೊಂಡರೆ ಸಂಕಟ ಆಗುತ್ತೆ. ನಮ್ಮ ಟೆರಿಯರ್ ಮರಿ ಪುಟ್ಟಿ ಬಂದ ಹೊಸತರಲ್ಲಿ ಪೇಪರ್ ಸುತ್ತಿ ಹೊಡೆಯುತ್ತಿದ್ದೆ. ಎರಡೇ ವಾರದಲ್ಲಿ ಅವಳು ಅಂಗಳದಲ್ಲೂ ನನ್ನೆದುರು ಕೂರೋದನ್ನ ಬಿಟ್ಟಳು. ಆದರೆ ಅತ್ತೆ ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಅವರ ಕಾಲ ಬಳಿಯೇ ನಿರಾಳವಾಗಿ ಮಾಡುತ್ತಿದ್ದಳು. "ಮಗುವನ್ನ ಎದ್ದ ಕೂಡಲೇ ಕಾಲ ಮೇಲೆ ಕೂರಿಸಿಕೊಂಡು ಸ್ಸ್‌ ಅಂತಿದ್ವಲ್ಲ, ಇದಕ್ಕೂ ಅಷ್ಟೇ" ಅಂದರು ಅತ್ತೆ. ಅವರ ಮಾತೇ ನಮ್ಮ ದಾರಿ ಆಯ್ತು.

ಹಾಗಾಗಿ ಮೊದಲು ಹೊಡೆಯೋದು, ಹೊಯ್ದ ಜಾಗಕ್ಕೆ ಮೂತಿ ತಿಕ್ಕೋದು ಎರಡನ್ನೂ ಇವತ್ತೇ ನಿಲ್ಲಿಸಿ. ಮರಿಯ ಹೊಟ್ಟೆಗೆ ಅದರದೇ ಹೊತ್ತು ಅಂತ ಇರುತ್ತೆ: ನಿದ್ದೆಯಿಂದ ಎದ್ದ ತಕ್ಷಣ, ಊಟ ಆಗಿ ಹತ್ತಿಪ್ಪತ್ತು ನಿಮಿಷಕ್ಕೆ, ಜೋರಾಗಿ ಆಡಿದ ಮೇಲೆ. ಈ ವಯಸ್ಸಿನಲ್ಲಿ ಮಲಗಿದಾಗ ಮೂರು ನಾಲ್ಕು ಗಂಟೆ ತಡೆದೀತು, ಎಚ್ಚರ ಇದ್ದಾಗ ಗಂಟೆಗೊಂದು ಸಲ ಕರೆದೊಯ್ಯಿರಿ. ರಾತ್ರಿ ಅಲಾರಂ ಇಟ್ಟುಕೊಂಡು ಒಮ್ಮೆ ಏಳಲೇಬೇಕು. ಚಿಕ್ಕ ಜಾತಿ, ಚಿಕ್ಕ ಮೂತ್ರಕೋಶ. ಸುಸ್ಸು ಕಮ್ಮಿಯಾಗಲಿ ಅಂತ ಕುಡಿಯೋ ನೀರನ್ನ ಮಾತ್ರ ದಯವಿಟ್ಟು ಕಡಿಮೆ ಮಾಡಬೇಡಿ.

ಇನ್ನು ಆ ಅರ್ಧ ಗಂಟೆಯ ಸುತ್ತಾಟ. ಟೆರಿಯರ್‌ಗಳು ನರಿ, ಇಲಿಗಳನ್ನ ಬಿಲದಿಂದ ಹೊರಗೆ ಅಟ್ಟೋಕೆ ಬೆಳೆಸಿದ ಜಾತಿ. ಹೆಸರು ಬಂದಿರೋದೇ ಮಣ್ಣು ಅನ್ನೋ ಅರ್ಥದ ಲ್ಯಾಟಿನ್ ಪದದಿಂದ. ಹೊರಗೆ ಕಾಲಿಟ್ಟರೆ ಸಾಕು, ನೂರೆಂಟು ವಾಸನೆಗೆ ಮೂಗು ಹೋಗಿ ಸುಸ್ಸು ಮರೆತೇಹೋಗುತ್ತೆ. ಸುತ್ತಿಸಬೇಡಿ. ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ ಇಳಿಸಿ, ಮಾತಾಡದೆ ಕಂಬದ ಹಾಗೆ ನಿಂತುಕೊಳ್ಳಿ, ಕಣ್ಣು ಬೇರೆ ಕಡೆ ಇರಲಿ. ಕೂತಾಗ ಮೆಲ್ಲಗೆ "ಸ್ಸ್‌" ಅನ್ನಿ. ಮುಗಿಸಿದ ಆ ಕ್ಷಣಕ್ಕೇ, ಅಲ್ಲೇ, ಬೇಯಿಸಿದ ಕೋಳಿಯ ಒಂದು ಚೂರೋ ಪನೀರೋ ಬಾಯಿಗೆ ಕೊಡಿ. ಮನೆಗೆ ಬಂದು ಕೊಟ್ಟರೆ ಯಾವುದಕ್ಕೆ ಕೊಟ್ಟಿರಿ ಅಂತ ಅದಕ್ಕೆ ಗೊತ್ತಾಗಲ್ಲ. ಆಮೇಲೆ ಐದು ನಿಮಿಷ ಆಡಿಸಿ. ಹೊಯ್ದ ಕೂಡಲೇ ಒಳಗೆ ಎಳೆದುಕೊಂಡು ಬಂದರೆ, ಹೊಯ್ದರೆ ಆಟ ಮುಗೀತು ಅಂತ ತಿಳಿದು ತಡೆದುಕೊಳ್ಳೋದು ಕಲಿಯುತ್ತೆ. ಏಳೆಂಟು ನಿಮಿಷ ನಿಂತರೂ ಮಾಡಲಿಲ್ಲವೇ? ವಾಪಸ್ ಕರೆತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ಕಾಲು ಗಂಟೆ ತೊಡೆ ಮೇಲೆ ಇಟ್ಟುಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ.

ನಿಮ್ಮದು ಎರಡನೇ ಮಹಡಿ ಅಂದಿದ್ದೀರಿ. ಲಸಿಕೆ ಪೂರ್ತಿ ಆಗಿದೆಯೇ? ಮರಿಗಳ ಜೀವಕ್ಕೇ ಕುತ್ತು ತರೋ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಲಸಿಕೆಯ ಸರಣಿ ಸಾಮಾನ್ಯವಾಗಿ ಹದಿನಾರು ವಾರದ ತನಕ ನಡೆಯುತ್ತೆ. ಅಲ್ಲಿಯವರೆಗೆ ಬೀದಿನಾಯಿ ಓಡಾಡೋ ಜಾಗದಲ್ಲಿ ಇಳಿಸಬೇಡಿ. ನರ್ಸರಿಯಲ್ಲಿ ಲಾನ್ ಹುಲ್ಲು ಚೌಕ ಚೌಕವಾಗಿ ಸಿಗುತ್ತೆ, ಒಂದನ್ನ ಅಗಲದ ಟ್ರೇಯಲ್ಲಿಟ್ಟು ಬಾಲ್ಕನಿಯಲ್ಲಿಡಿ. ಟೆರಿಯರ್ ಆದ್ದರಿಂದ ಕೆರೆದು ಕಿತ್ತುಹಾಕುತ್ತೆ, ಎರಡು ವಾರಕ್ಕೊಮ್ಮೆ ಬದಲಿಸಬೇಕಾದೀತು. ಆದರೂ ಪೇಪರ್‌ಗಿಂತ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಪೇಪರ್ ಮೇಲೆ ರೂಢಿಯಾದ ಮರಿ ಆಮೇಲೆ ನೆಲಕ್ಕೆ ಬಿದ್ದ ಯಾವ ಪೇಪರನ್ನೂ ಬಿಡಲ್ಲ. ಹುಲ್ಲು ರೂಢಿಯಾದರೆ ಮುಂದೆ ಪಾರ್ಕಿನಲ್ಲೂ ಅದೇ ಕಾಲಿಗೆ ಸಿಗುತ್ತೆ.

ಸೋಫಾ ಹಿಂದಿನ ಜಾಗವನ್ನ ಫಿನಾಯಿಲ್‌ನಲ್ಲಿ ಒರೆಸುತ್ತಿದ್ದರೆ ನಿಲ್ಲಿಸಿಬಿಡಿ. ನಮ್ಮ ಮೂಗಿಗೆ ಸ್ವಚ್ಛ ಅನ್ನಿಸುತ್ತೆ, ಮರಿಗೆ ಹಳೆ ವಾಸನೆ ಸಿಕ್ಕೇ ಸಿಗುತ್ತೆ. ಹಸಿ ನೆಲದಲ್ಲಿ ಓಡಾಡಿ ಪಾದ ನೆಕ್ಕಿದರೆ ಫಿನಾಯಿಲ್ ಹೊಟ್ಟೆಗೂ ಹೋಗುತ್ತೆ. ಬಟ್ಟೆಯಿಂದ ಒತ್ತಿ ಹೀರಿಸಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗೋ, ಉಚ್ಚೆಯ ವಾಸನೆಯನ್ನೇ ಕಳೆಯೋ ಎಂಜೈಮ್ ಕ್ಲೀನರ್ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಹಾಗೇ ಬಿಡಿ. ಆಮೇಲೆ ಅದರ ಊಟದ ತಟ್ಟೆಯನ್ನ ಅಲ್ಲೇ ಇಡಿ. ಉಣ್ಣೋ ಜಾಗವನ್ನ ನಾಯಿ ಸಾಮಾನ್ಯವಾಗಿ ಗಲೀಜು ಮಾಡಲ್ಲ.

ಒಳಗೆ ಮಾಡುತ್ತಿರೋದು ಕಣ್ಣಿಗೆ ಬಿದ್ದರೆ ಕೂಗಬೇಡಿ, ಎತ್ತಿಕೊಂಡು ಟ್ರೇಗೆ ಒಯ್ಯಿರಿ. ಆಮೇಲೆ ನೋಡಿದರೆ ಸುಮ್ಮನೆ ಒರೆಸಿ. ಪದೇ ಪದೇ ತೊಟ್ಟು ತೊಟ್ಟಾಗಿ ಹೋಗುತ್ತಿದ್ದರೆ, ರಕ್ತ ಕಂಡರೆ, ಅದು ಅಭ್ಯಾಸದ ಮಾತಲ್ಲ, ಪಶುವೈದ್ಯರಿಗೆ ತೋರಿಸಿ.

ಪುಟ್ಟಿಗೆ ಪೂರ್ತಿ ರೂಢಿಯಾಗೋಕೆ ಆರು ತಿಂಗಳು ತುಂಬಬೇಕಾಯ್ತು. ನನ್ನೆದುರು ಮತ್ತೆ ಕೂರೋಕೆ ಹಿಡಿದದ್ದು ಹನ್ನೊಂದು ದಿನ. ಅವತ್ತು ಅಂಗಳದಲ್ಲಿ ನನ್ನ ಮುಖ ನೋಡುತ್ತಲೇ ಮುಗಿಸಿ, ಬಾಲ ಆಡಿಸಿಕೊಂಡು ಓಡಿ ಬಂದಳು.