ಯಾವ ಲಾಡ್ಜ್, ಯಾವ ದೇಶ, ಯಾವ ಕಾಲ? – ಫ್ರೀಮೇಸನ್ ಲೇಖನ ಕಳಿಸಿದವರಿಗೆ ಸಂಪಾದಕರ ಉತ್ತರ

ಮಾನ್ಯರೇ,

‘ಮುಚ್ಚಿದ ಬಾಗಿಲ ಹಿಂದೆ’ ಎಂಬ ತಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಫ್ರೀಮೇಸನ್ ಎಂಬ ಸೋದರ ಸಂಘದ ಲಾಡ್ಜ್‌ಗಳಲ್ಲಿ, ಎಂದರೆ ಸ್ಥಳೀಯ ಘಟಕಗಳಲ್ಲಿ, ಹೊಸಬರಿಗೆ ದೀಕ್ಷೆ ಕೊಡುವ ವಿಧಿಯನ್ನು ಕನ್ನಡದ ಓದುಗರಿಗೆ ಪರಿಚಯಿಸಬೇಕೆಂಬ ಆಸೆ ಒಳ್ಳೆಯದು. ತಮ್ಮ ಗದ್ಯವೂ ಹದವಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ತಾವು ಅಷ್ಟು ಶ್ರದ್ಧೆಯಿಂದ ವರ್ಣಿಸಿರುವ ಲಾಡ್ಜ್ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ ಎಂಬುದೇ ಅದಕ್ಕೆ ಕಾರಣ.

ಮೂರನೆಯ ಪುಟದಲ್ಲಿ ತಾವು ಹೀಗೆ ಬರೆದಿದ್ದೀರಿ: ‘ಲಂಡನ್ನಿನ ಆ ಲಾಡ್ಜ್‌ನಲ್ಲಿ ಅಭ್ಯರ್ಥಿಯನ್ನು ಮೊದಲು ತಲೆಬುರುಡೆಯಿಟ್ಟ ಕತ್ತಲೆ ಕೋಣೆಯಲ್ಲಿ ಕೂರಿಸುತ್ತಾರೆ. ಬಳಿಕ ಸಭಾಂಗಣದ ನಡುವಿನ ಪೀಠದ ಮುಂದೆ ಅವನನ್ನು ಮಂಡಿಯೂರಿಸಿ, ಟೋಪಿ ಧರಿಸಿದ ಮಾಸ್ಟರ್ ಪ್ರಮಾಣ ಬೋಧಿಸುತ್ತಾನೆ. ಗುಟ್ಟು ಹೊರಗೆಡವಿದರೆ ತನ್ನ ಕತ್ತು ಕೊಯ್ಯಲಿ ಎಂದು ಅವನು ಇಂದಿಗೂ ಒಪ್ಪಿಕೊಳ್ಳಬೇಕು.’

ಇಲ್ಲಿರುವ ಒಂದೊಂದು ವಿವರವೂ ಎಲ್ಲೋ ಒಂದು ಕಡೆ ನಿಜವೇ. ಎಲ್ಲವೂ ಒಂದೇ ಕೋಣೆಯಲ್ಲಿ ನಿಜವಲ್ಲ. ತಲೆಬುರುಡೆ, ಉಪ್ಪು, ಗಂಧಕ, ಒಂದು ತುಂಡು ರೊಟ್ಟಿ, ಮರಳುಗಡಿಯಾರ ಇವುಗಳ ನಡುವೆ ಅಭ್ಯರ್ಥಿಯನ್ನು ಒಂಟಿಯಾಗಿ ಕೂರಿಸಿ, ಸಾವಿನ ಮುನ್ನ ಬರೆದಿಡುವಂಥ ಒಂದು ಉಯಿಲನ್ನು ಅವನಿಂದ ಬರೆಸುವ ಪದ್ಧತಿ ಫ್ರಾನ್ಸಿನದು ಮತ್ತು ಅದನ್ನು ಅನುಸರಿಸಿದ ಯುರೋಪಿನ ಲಾಡ್ಜ್‌ಗಳದು. ಲಂಡನ್ನಿನ ಸಾಮಾನ್ಯ ಲಾಡ್ಜ್‌ನಲ್ಲಿ ಆ ಕೋಣೆಯೇ ಇರುವುದಿಲ್ಲ. ಸಭಾಂಗಣದ ನಟ್ಟನಡುವಿನ ಪೀಠ ಮತ್ತು ಮಾಸ್ಟರ್‌ನ, ಎಂದರೆ ಲಾಡ್ಜ್‌ನ ಅಧ್ಯಕ್ಷನ, ಟೋಪಿ ಅಮೆರಿಕದವು. ಇಂಗ್ಲೆಂಡಿನಲ್ಲಿ ಧರ್ಮಗ್ರಂಥವನ್ನು ಪೂರ್ವ ದಿಕ್ಕಿನಲ್ಲಿ ಕುಳಿತ ಮಾಸ್ಟರ್‌ನ ಎದುರಿನ ಪೀಠದ ಮೇಲೆಯೇ ಇಡುತ್ತಾರೆ, ಅಭ್ಯರ್ಥಿ ಅಲ್ಲಿಗೆ ಹೋಗಿ ಮಂಡಿಯೂರುತ್ತಾನೆ. ಇನ್ನು ಕತ್ತು ಕೊಯ್ಯುವ ಮಾತು: ಅಲ್ಲಿನ ಲಾಡ್ಜ್‌ಗಳ ಆಡಳಿತ ಸಂಸ್ಥೆಯಾದ ಇಂಗ್ಲೆಂಡಿನ ಸಂಯುಕ್ತ ಗ್ರ್ಯಾಂಡ್ ಲಾಡ್ಜ್ 1986ರಲ್ಲಿಯೇ ಇಂಥ ದೇಹದಂಡನೆಯ ಮಾತುಗಳನ್ನು ಪ್ರಮಾಣದಿಂದ ತೆಗೆದುಹಾಕಿದೆ. ಬಡಗಿನ ಕೇದಗೆ ಮುಂದಲೆ ಕಟ್ಟಿದ ವೇಷವನ್ನು ತೆಂಕಿನ ಮೇಳದ ಚೆಂಡೆಗೆ ಕುಣಿಸಿ, ‘ಇದೇ ಯಕ್ಷಗಾನ’ ಎಂದು ಹೊರಗಿನವರೊಬ್ಬರು ಬರೆದರೆ ಉಡುಪಿಯ ಓದುಗರು ಏನೆನ್ನುತ್ತಾರೆ? ತಮ್ಮ ಮೂರನೆಯ ಪುಟಕ್ಕೂ ಬಲ್ಲವರು ಅದನ್ನೇ ಅನ್ನುತ್ತಾರೆ.

ಈ ಭಿನ್ನತೆಗಳನ್ನು ತಾವು ಅಡಿಟಿಪ್ಪಣಿಗೆ ತಳ್ಳಬಹುದಾದ ಸಣ್ಣ ಸಂಗತಿಗಳೆಂದು ಭಾವಿಸಿದಂತಿದೆ. ನನ್ನ ದೃಷ್ಟಿಯಲ್ಲಿ ಲೇಖನದ ಜೀವ ಇರುವುದೇ ಅವುಗಳಲ್ಲಿ. ಹದಿನೆಂಟನೆಯ ಶತಮಾನದ ಲಂಡನ್ನಿನ ಜಗಳವೊಂದನ್ನೇ ತೆಗೆದುಕೊಳ್ಳಿ, ಅದಕ್ಕೆ ತಾವು ಅರ್ಧ ವಾಕ್ಯವನ್ನಷ್ಟೇ ಕೊಟ್ಟಿದ್ದೀರಿ. 1730ರಲ್ಲಿ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಲಾಡ್ಜ್‌ನ ಪ್ರಶ್ನೋತ್ತರಗಳನ್ನೆಲ್ಲ ಅಚ್ಚು ಹಾಕಿಸಿ ಮಾರಿದ. ಕಿರುಹೊತ್ತಗೆ ಕೊಂಡು ಓದಿದವನೂ ಸದಸ್ಯನೆಂದು ಹೇಳಿಕೊಂಡು ಒಳನುಗ್ಗಬಹುದೆಂಬ ಭಯ ಹುಟ್ಟಿತು. ಆ ದಶಕದಲ್ಲಿ ಅಲ್ಲಿನ ಗ್ರ್ಯಾಂಡ್ ಲಾಡ್ಜ್ ಸದಸ್ಯತ್ವದ ಮೊದಲ ಎರಡು ಶ್ರೇಣಿಗಳ ಗುರುತಿನ ಪದಗಳನ್ನು ಅದಲುಬದಲು ಮಾಡಿತು. ಆ ಪದಗಳು ಸೊಲೊಮೋನನ ದೇವಾಲಯದ ಮುಂದಿದ್ದ ಎರಡು ಕಂಬಗಳ ಹೆಸರುಗಳು, ಬೋವಜ್ ಮತ್ತು ಯಾಕೀನ್. ಕಳ್ಳರನ್ನು ತಡೆಯಲು ಮಾಡಿದ ಈ ಉಪಾಯ ಹಳೆಯ ಕ್ರಮವನ್ನೇ ಕಲಿತಿದ್ದ ಸ್ವಂತದವರನ್ನೇ ಹೊರಗಿಟ್ಟಿತು. 1751ರಲ್ಲಿ, ಬಹುಪಾಲು ಐರಿಷ್ ಮೂಲದ ಕುಶಲಕರ್ಮಿಗಳು ಸೇರಿ ಲಂಡನ್ನಿನಲ್ಲಿಯೇ ಇನ್ನೊಂದು ಗ್ರ್ಯಾಂಡ್ ಲಾಡ್ಜ್ ಕಟ್ಟಿದರು. ಹೊಸದಾಗಿ ಬಂದವರು ಇವರೇ ಆದರೂ ತಮ್ಮನ್ನು ‘ಪ್ರಾಚೀನರು’ ಎಂದೂ, ಮೊದಲೇ ಇದ್ದವರನ್ನು ‘ಆಧುನಿಕರು’ ಎಂದೂ ಕರೆದರು. ಅವರ ಕಾರ್ಯದರ್ಶಿ ಲಾರೆನ್ಸ್ ಡರ್ಮಟ್‌ನ ಈ ಚಾತುರ್ಯ ಎಷ್ಟು ಫಲಿಸಿತೆಂದರೆ, ಇತಿಹಾಸಕಾರರು ಇಂದಿಗೂ ಅವೇ ಹೆಸರುಗಳನ್ನು ಬಳಸುತ್ತಾರೆ.

ಪ್ರಾಚೀನರ ಆಕ್ಷೇಪಣೆಗಳ ಪಟ್ಟಿ ಉದ್ದವಾಗಿತ್ತು: ಪದಗಳ ಅದಲುಬದಲು, ಪ್ರಾರ್ಥನೆಗಳನ್ನು ಕೈಬಿಟ್ಟದ್ದು, ಸಂತ ಯೋಹಾನರ ಹಬ್ಬಗಳನ್ನು ಆಚರಿಸದಿರುವುದು, ಡೀಕನ್ ಎಂಬ ಪದಾಧಿಕಾರಿಗಳನ್ನು ನೇಮಿಸದಿರುವುದು, ಹೊಸ ಮಾಸ್ಟರ್‌ನನ್ನು ಪೀಠಕ್ಕೇರಿಸುವಾಗಿನ ಗುಪ್ತವಿಧಿಯನ್ನು ಮರೆತದ್ದು. 1813ರ ಡಿಸೆಂಬರ್ 27ರಂದು ಎರಡೂ ಬಣಗಳು ಒಂದಾದಾಗ ಅತ್ತ ಸಸೆಕ್ಸ್‌ನ ಡ್ಯೂಕ್, ಇತ್ತ ಕೆಂಟ್‌ನ ಡ್ಯೂಕ್ ಗ್ರ್ಯಾಂಡ್ ಮಾಸ್ಟರ್‌ಗಳಾಗಿದ್ದರು. ಇಬ್ಬರೂ ಮೂರನೆಯ ಜಾರ್ಜ್ ದೊರೆಯ ಮಕ್ಕಳು. ವಿಧಿಯ ವಿಷಯದಲ್ಲಿ ಬಹುಮಟ್ಟಿಗೆ ಬಗ್ಗಿದವರು ಆಧುನಿಕರೇ. ಎರಡೂ ಕಡೆಯವರನ್ನು ಸೇರಿಸಿ ರಚಿಸಿದ ಸಂಧಾನದ ಲಾಡ್ಜ್ ಒಪ್ಪಿತ ವಿಧಿಯನ್ನು 1816ರವರೆಗೆ ಬಾಯಿಮಾತಿನಲ್ಲಿಯೇ ಕಲಿಸಿತು, ಅಧಿಕೃತವಾಗಿ ಅಚ್ಚು ಹಾಕಿಸಲಿಲ್ಲ. ಆದ್ದರಿಂದಲೇ ಇಂಗ್ಲೆಂಡಿನಲ್ಲಿ ಇಂದಿಗೂ ಎಮ್ಯುಲೇಷನ್, ಸ್ಟೆಬಿಲಿಟಿ, ಟೇಲರ್, ಬ್ರಿಸ್ಟಲ್ ಮುಂತಾದ ಬೇರೆಬೇರೆ ಪಾಠಗಳು ಬಳಕೆಯಲ್ಲಿವೆ. ‘ಇಂಗ್ಲಿಷ್ ವಿಧಿ ಒಂದೇ’ ಎಂಬ ತಮ್ಮ ಐದನೆಯ ಪುಟದ ವಾಕ್ಯವನ್ನು ಹೊಡೆದುಹಾಕಿ.

ನನಗೆ ಇದಕ್ಕಿಂತ ರುಚಿಸುವುದು ಇದರ ಫ್ರೆಂಚ್ ಬಾಲ. ಲಂಡನ್ನಿನ ಆಧುನಿಕರು ಬಿಟ್ಟುಕೊಟ್ಟ ಕ್ರಮವನ್ನು ಫ್ರೆಂಚ್ ವಿಧಿ ಉಳಿಸಿಕೊಂಡಿತು: ಅಲ್ಲಿ ಮಾಸ್ಟರ್‌ನ ನಂತರದ ಇಬ್ಬರು ಪದಾಧಿಕಾರಿಗಳಾದ ವಾರ್ಡನ್‌ಗಳೂ ಪಶ್ಚಿಮದಲ್ಲಿಯೇ ಕೂರುತ್ತಾರೆ, ಡೀಕನ್‌ಗಳಿಲ್ಲ, ಮೊದಲ ಶ್ರೇಣಿಯ ಪದ ಯಾಕೀನ್. ಅದೇ ಫ್ರಾನ್ಸಿನಲ್ಲಿ ಸ್ಕಾಟಿಷ್ ರೈಟ್ ಎಂಬ ಹೆಸರಿನ ವಿಧಿ 1804ರ ಸುಮಾರಿಗೆ ತನ್ನ ಮೊದಲ ಮೂರು ಶ್ರೇಣಿಗಳನ್ನು ಪ್ರಾಚೀನರ ಮಾದರಿಯಿಂದ ತೆಗೆದುಕೊಂಡಿತು. ಅಲ್ಲಿ ಮೊದಲ ಪದ ಬೋವಜ್. ಪ್ಯಾರಿಸ್ಸಿನ ರ್ಯೂ ಕಾದೇಯಲ್ಲಿರುವ ಗ್ರ್ಯಾಂಡ್ ಓರಿಯಂಟ್ ಎಂಬ ಫ್ರೆಂಚ್ ಆಡಳಿತ ಸಂಸ್ಥೆಯ ಕಟ್ಟಡದಲ್ಲಿ ಈ ಎರಡೂ ವಿಧಿಯ ಲಾಡ್ಜ್‌ಗಳು ಸೇರುತ್ತವೆ. ಲಂಡನ್ನಿನಲ್ಲಿ 1813ರಲ್ಲಿ ಮುಗಿದ ಜಗಳದ ಎರಡು ಪಕ್ಷಗಳೂ ಹೀಗೆ ಪ್ಯಾರಿಸ್ಸಿನ ಒಂದೇ ಸೂರಿನಡಿ ಈಗಲೂ ಬದುಕಿವೆ. ಈ ಒಂದು ಎಳೆಯನ್ನು ಹಿಡಿದು ಬರೆದಿದ್ದರೆ ಲೇಖನವನ್ನು ನಾನು ಆಗಲೇ ಅಚ್ಚಿಗೆ ಕಳಿಸುತ್ತಿದ್ದೆ.

ಗ್ರ್ಯಾಂಡ್ ಓರಿಯಂಟ್ ‘ದೇವರನ್ನು ನಿಷೇಧಿಸಿತು’ ಎಂದಿದ್ದೀರಿ. ಹಾಗಲ್ಲ. ದೇವರಲ್ಲಿಯೂ ಆತ್ಮದ ಅಮರತ್ವದಲ್ಲಿಯೂ ನಂಬಿಕೆ ಇರಬೇಕೆಂಬ ಮಾತು ಅದರ ಸಂವಿಧಾನಕ್ಕೆ ಸೇರಿದ್ದು 1849ರಲ್ಲಿ. ಅದನ್ನು ತೆಗೆದದ್ದು 1877ರಲ್ಲಿ, ಅದೂ ಫ್ರೆಡೆರಿಕ್ ದೆಮೋಂ ಎಂಬ ಪ್ರಾಟೆಸ್ಟೆಂಟ್ ಪಾದ್ರಿಯ ವರದಿಯ ಮೇಲೆ. ನಂಬುವವರು ನಂಬಬಹುದು, ನಂಬಿಕೆ ಪ್ರವೇಶಕ್ಕೆ ಷರತ್ತಾಗಬಾರದು ಎಂಬುದು ಅವರ ನಿಲುವು. ಮರುವರ್ಷವೇ ಇಂಗ್ಲೆಂಡ್ ಸಂಬಂಧ ಕಡಿದುಕೊಂಡಿತು. ಧರ್ಮಗ್ರಂಥ ತೆರೆದಿಡದ ಲಾಡ್ಜ್ ಲಾಡ್ಜೇ ಅಲ್ಲ ಎನ್ನುವ ಒಂದು ಲೋಕ, ಅದು ಲಾಡ್ಜ್‌ನ ಇಷ್ಟ ಎನ್ನುವ ಇನ್ನೊಂದು ಲೋಕ ಅಂದಿನಿಂದ ಬೇರೆಬೇರೆಯಾಗಿಯೇ ಇವೆ. ಇನ್ನೊಂದು ತುದಿಯಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಸ್ವೀಡಿಷ್ ವಿಧಿ ಕ್ರೈಸ್ತರಿಗೆ ಮಾತ್ರ ಪ್ರವೇಶ ಕೊಡುತ್ತದೆ. ‘ಮಹಿಳೆಯರಿಗೆ ಎಲ್ಲಿಯೂ ಪ್ರವೇಶವಿಲ್ಲ’ ಎಂಬ ವಾಕ್ಯವೂ ನಿಲ್ಲುವುದಿಲ್ಲ: ಮರಿಯಾ ದೆರೇಮ್ ಮತ್ತು ಜಾರ್ಜ್ ಮಾರ್ತಾಂ 1893ರಲ್ಲಿ ಪ್ಯಾರಿಸ್ಸಿನಲ್ಲಿ ಸ್ತ್ರೀಪುರುಷರಿಬ್ಬರಿಗೂ ತೆರೆದ ಶಾಖೆಯನ್ನು ಕಟ್ಟಿದರು. ಅದಕ್ಕೆ 1902ರಲ್ಲಿ ಸೇರಿ, ಇಂಗ್ಲೆಂಡಿಗೂ ಭಾರತಕ್ಕೂ ತಂದವರು ನಮ್ಮ ಓದುಗರಿಗೆ ಚೆನ್ನಾಗಿ ಗೊತ್ತಿರುವ ಆನಿ ಬೆಸೆಂಟ್.

ಇನ್ನು ತಾವು ಹೇಳಿರುವ ಮೂವತ್ತಮೂರು ಶ್ರೇಣಿಗಳ ವಿಷಯ. ಅವು ಸ್ಕಾಟಿಷ್ ರೈಟ್‌ಗೆ ಸೇರಿದವು. ಆ ರೈಟ್‌ನ ಮೊದಲ ಸುಪ್ರೀಂ ಕೌನ್ಸಿಲ್ ಸ್ಥಾಪನೆಯಾದದ್ದು ಸ್ಕಾಟ್ಲೆಂಡಿನಲ್ಲಲ್ಲ, ಅಮೆರಿಕದ ಚಾರ್ಲ್‌ಸ್ಟನ್‌ನಲ್ಲಿ, 1801ರಲ್ಲಿ. ಸ್ಕಾಟ್ಲೆಂಡಿನ ಸಾಮಾನ್ಯ ಲಾಡ್ಜ್‌ಗಳ ವಿಶೇಷ ಬೇರೆಯೇ: ಅಲ್ಲಿ ಪ್ರತಿ ಲಾಡ್ಜ್ ತನ್ನ ಸದಸ್ಯರು ತೊಡುವ ಏಪ್ರನ್‌ನ ಬಣ್ಣವನ್ನು ತಾನೇ ಆರಿಸಿಕೊಳ್ಳಬಹುದು, ಮಾರ್ಕ್ ಎಂಬ ಹೆಚ್ಚುವರಿ ಶ್ರೇಣಿಯನ್ನು ಲಾಡ್ಜ್‌ನಲ್ಲಿಯೇ ಕೊಡಬಹುದು. ಇಂಗ್ಲೆಂಡಿನಲ್ಲಿ ಮಾರ್ಕ್ ಶ್ರೇಣಿಗೆ 1856ರಿಂದ ಪ್ರತ್ಯೇಕ ಗ್ರ್ಯಾಂಡ್ ಲಾಡ್ಜ್ ಇದೆ.

ಆರನೆಯ ಪುಟದಲ್ಲಿ ಅಮೆರಿಕದ ಸ್ಕಾಟಿಷ್ ರೈಟ್‌ನ ನಾಯಕ ಆಲ್ಬರ್ಟ್ ಪೈಕ್ ಲೂಸಿಫರನ, ಎಂದರೆ ಸೈತಾನನ, ಆರಾಧನೆಯನ್ನು ಬೋಧಿಸಿದನೆಂಬ ಉದ್ಧರಣೆ ಇದೆಯಲ್ಲ, ಅದನ್ನು ಮಾತ್ರ ಚರ್ಚೆಯಿಲ್ಲದೆ ತೆಗೆಯಬೇಕು. ಅದು ಲಿಯೋ ತಾಕ್ಸಿಲ್ ಎಂಬ ಫ್ರೆಂಚ್ ಪತ್ರಕರ್ತ ಕಟ್ಟಿದ ಕಥೆಯ ಪಳೆಯುಳಿಕೆ. ವರ್ಷಗಟ್ಟಲೆ ಚರ್ಚನ್ನೂ ಓದುಗರನ್ನೂ ನಂಬಿಸಿ, 1897ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ತುಂಬಿದ ಸಭೆಯಲ್ಲಿ ಎಲ್ಲವೂ ಸುಳ್ಳೆಂದು ಅವನೇ ಒಪ್ಪಿಕೊಂಡ. ಕಟ್ಟಿದವನೇ ಕೈಬಿಟ್ಟ ಸುಳ್ಳನ್ನು ಇಷ್ಟು ವರ್ಷಗಳ ಮೇಲೆ ನಾವು ಕನ್ನಡದಲ್ಲಿ ಹೊತ್ತು ತಿರುಗುವುದು ಬೇಡ. ‘ನಿಗೂಢ’ ಎಂಬ ವಿಶೇಷಣ ಲೇಖನದಲ್ಲಿ ಹೆಜ್ಜೆಹೆಜ್ಜೆಗೆ ಬರುವುದಕ್ಕೂ ಈ ಉದ್ಧರಣೆಗೂ ಸಂಬಂಧವಿದೆಯೆಂದು ನನ್ನ ಅನುಮಾನ. ವಿವರ ಕೈಯಲ್ಲಿಲ್ಲದ ಜಾಗದಲ್ಲೆಲ್ಲ ತಾವು ಆ ಪದವನ್ನು ನಿಲ್ಲಿಸಿದ್ದೀರಿ. ವಿವರವೇ ಇದ್ದಾಗ ಬರಹ ಹೇಗಿರುತ್ತದೆಂಬುದಕ್ಕೆ ಒಂದು ನಿದರ್ಶನ: ಇಂಗ್ಲಿಷ್ ಲಾಡ್ಜ್‌ಗೆ ಪ್ರವೇಶಿಸುವ ಮುನ್ನ ಅಭ್ಯರ್ಥಿಯ ಬಳಿಯಿರುವ ನಾಣ್ಯ, ಉಂಗುರ, ಲೋಹದ ವಸ್ತುಗಳನ್ನೆಲ್ಲ ತೆಗೆದಿಡುತ್ತಾರೆ, ದೀಕ್ಷೆಯಾದ ಮೇಲೆ ದಾನಕ್ಕಾಗಿ ಅವನ ಮುಂದೆ ಕೈ ಚಾಚುತ್ತಾರೆ. ಕೊಡಲು ಅವನ ಬಳಿ ಬಿಡಿಗಾಸೂ ಇರುವುದಿಲ್ಲ. ಇಲ್ಲವೆಂದು ಎಲ್ಲರೆದುರು ಅವನ ಬಾಯಿಂದಲೇ ಹೇಳಿಸುತ್ತಾರೆ. ಮುಂದೆ ಬಡವನೊಬ್ಬ ಎದುರಾದಾಗ ಈ ಗಳಿಗೆ ನೆನಪಾಗಲಿ ಎಂಬುದು ಉದ್ದೇಶ. ಇಲ್ಲಿ ವಿಶೇಷಣದ ಅಗತ್ಯವೇ ಬೀಳುವುದಿಲ್ಲ.

ಭಾರತವನ್ನು ಕೊನೆಯ ಪ್ಯಾರಾದಲ್ಲಿ ಅವಸರದಿಂದ ಮುಗಿಸಿದ್ದೀರಿ. ಇಂಗ್ಲಿಷ್, ಐರಿಷ್, ಸ್ಕಾಟಿಷ್ ಪರಂಪರೆಗಳ ಲಾಡ್ಜ್‌ಗಳು ಒಂದೇ ನೆಲದಲ್ಲಿ ನಡೆದದ್ದು ಇಲ್ಲಿ. ಮುಂಬಯಿಯಲ್ಲಿ ಭಾರತೀಯರನ್ನು ಸೇರಿಸಿಕೊಳ್ಳಲು ಯುರೋಪಿಯನ್ ಲಾಡ್ಜ್‌ಗಳು ಹಿಂಜರಿದಾಗ, ಜೇಮ್ಸ್ ಬರ್ನ್ಸ್ 1840ರ ದಶಕದಲ್ಲಿ ಸ್ಕಾಟಿಷ್ ಪರಂಪರೆಯಡಿ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಲಾಡ್ಜ್ ತೆರೆದ. ಪಾರ್ಸಿ ಮುಖಂಡ ಮಾಣೆಕ್‌ಜಿ ಕರ್ಸೆಟ್‌ಜಿ ಅದರ ಮುಖ್ಯ ಸದಸ್ಯರಲ್ಲೊಬ್ಬರು. ಕಲ್ಕತ್ತೆಯಲ್ಲಿ ಹಿಂದೂವೊಬ್ಬನನ್ನು ಸೇರಿಸಿಕೊಳ್ಳಬಹುದೇ ಎಂಬ ವಿವಾದ ವರ್ಷಗಳ ಕಾಲ ನಡೆದು, ಪ್ರಸನ್ನಕುಮಾರ ದತ್ತರಿಗೆ 1872ರಲ್ಲಿ ದೀಕ್ಷೆಯಾಯಿತು. ಬಹುದೇವತೆಗಳನ್ನು ಪೂಜಿಸುವವನ ಪ್ರಮಾಣಕ್ಕೆ ಬೆಲೆಯಿದೆಯೇ ಎಂಬುದು ಅಂದಿನ ವಿರೋಧಿಗಳ ಪ್ರಶ್ನೆಯಾಗಿತ್ತು. 1961ರ ನವೆಂಬರ್ 24ರಂದು ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದಾಗ ಮೂರೂ ಪರಂಪರೆಗಳ ಹಲವು ಲಾಡ್ಜ್‌ಗಳು ಅದಕ್ಕೆ ಸೇರಿದವು, ಕೆಲವು ತಮ್ಮ ಹಳೆಯ ಪರಂಪರೆಯಲ್ಲಿಯೇ ಉಳಿದವು. ಇಲ್ಲಿನ ಪೀಠದ ಮೇಲೆ ಭಗವದ್ಗೀತೆ, ಕುರಾನ್, ಬೈಬಲ್ ಮುಂತಾದ ಹಲವು ಗ್ರಂಥಗಳನ್ನು ಒಟ್ಟಿಗೆ ಇಡುವ ರೂಢಿಯಿದ್ದು, ಅಭ್ಯರ್ಥಿ ತನ್ನ ಧರ್ಮದ ಗ್ರಂಥದ ಮೇಲೆ ಪ್ರಮಾಣ ಮಾಡುತ್ತಾನೆ. ಕಲ್ಕತ್ತೆಯ ಆ ವಿವಾದದ ಪಕ್ಕದಲ್ಲಿಟ್ಟರೆ ಈ ಪೀಠಕ್ಕೆ ಅರ್ಥ ಬರುತ್ತದೆ. ತಮ್ಮ ಲೇಖನದಲ್ಲಿ ಅದು ‘ಸರ್ವಧರ್ಮ ಸಮನ್ವಯ’ ಎಂಬ ಒಂದೇ ಪದದಲ್ಲಿ ಕಳೆದುಹೋಗಿದೆ.

ಮತ್ತೆ ಬರೆಯುವುದಾದರೆ ಎಲ್ಲ ದೇಶಗಳನ್ನೂ ಸುತ್ತಬೇಡಿ. 1751ರ ಒಡಕು, 1877ರ ನಿರ್ಧಾರ, ಕಲ್ಕತ್ತೆಯ ವಿವಾದ ಇವುಗಳಲ್ಲಿ ಒಂದನ್ನು ಆರಿಸಿಕೊಂಡು, ಪ್ರತಿ ಆಚರಣೆಯ ಪಕ್ಕದಲ್ಲಿಯೂ ಯಾವ ಪರಂಪರೆ, ಯಾವ ವರ್ಷ ಎಂದು ಬರೆಯಿರಿ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಸೇರಿ ಮೊದಲ ಗ್ರ್ಯಾಂಡ್ ಲಾಡ್ಜ್ ಕಟ್ಟಿದ ಪ್ರಸಂಗವನ್ನು ಹೇಳುವಾಗ, ಅದು ಜೇಮ್ಸ್ ಆಂಡರ್ಸನ್ ತನ್ನ ‘ಕಾನ್‌ಸ್ಟಿಟ್ಯೂಷನ್ಸ್’ ಎಂಬ ನಿಯಮಗ್ರಂಥದ 1738ರ ಆವೃತ್ತಿಯಲ್ಲಿ ಮೊದಲು ಬರೆದ ವೃತ್ತಾಂತವೆಂದೂ, ಅವನದೇ 1723ರ ಆವೃತ್ತಿಯಲ್ಲಿ ಅದು ಇಲ್ಲವೆಂದೂ ಸೇರಿಸಿ. ಪದಮಿತಿ ಸಾವಿರದ ಐನೂರು.

ಜೊತೆಗೆ ಕಳಿಸಿದ ಛಾಯಾಚಿತ್ರಕ್ಕೆ ‘ಲಂಡನ್ನಿನ ಲಾಡ್ಜ್’ ಎಂಬ ಅಡಿಬರಹವಿದೆ. ಅದರಲ್ಲಿ ಪೀಠ ಸಭಾಂಗಣದ ನಡುವೆಯಿದೆ. ಅಮೆರಿಕದ ಲಾಡ್ಜ್ ಇರಬೇಕು. ಎಲ್ಲಿಂದ ತೆಗೆದುಕೊಂಡಿರಿ, ಅದರ ಹಕ್ಕು ಯಾರದು ಎಂಬುದನ್ನು ಪರಿಷ್ಕೃತ ಪ್ರತಿಯೊಂದಿಗೆ ತಿಳಿಸಿ.

ಇತಿ,
ಸಂಪಾದಕ