ಏಳನೇ ಪುಟದಿಂದ ಶುರು ಮಾಡಿ

ಮಂಡ್ಯದ ಗೆಳತಿಗೆ,

‘ಋತುಚಕ್ರ ಮತ್ತು ಸೃಜನಶೀಲತೆ’ ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಎಂಟು ಪುಟದಲ್ಲಿ ಮೊದಲ ಆರು ನಿಮ್ಮದಲ್ಲ. ಎಲ್ಲಿಂದಲೋ ಎತ್ತಿದ್ದು ಅಂತ ಓದುವಾಗಲೇ ಗೊತ್ತಾಗುತ್ತದೆ. ‘ರಜಸ್ವಲೆಯಾದ ಸ್ತ್ರೀ’ ಅಂತೆ! ಮನೆಯಲ್ಲಿ ‘ಡೇಟ್ ಆಗಿದೆ’ ಅನ್ನುವವರು ನೀವು.

ಎರಡನೇ ವಾರ ಈಸ್ಟ್ರೋಜನ್ ಹಾರ್ಮೋನು ಏರಿ ಕವಿತೆ ತಾನಾಗಿ ಬರುತ್ತದೆ, ಕೊನೆಯ ವಾರ ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಹಾರ್ಮೋನು ಏರಿಳಿಯುವುದು ನಿಜ. ಬುದ್ಧಿಯೂ ಅದರ ಜೊತೆ ಏರಿಳಿಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಇಂಥ 102 ಸಂಶೋಧನಾ ಲೇಖನಗಳನ್ನು, ಸುಮಾರು 3,900 ಹೆಂಗಸರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ ವರದಿ 2025ರಲ್ಲಿ ಬಂತು. ಗಮನ, ಭಾಷೆ, ಸೃಜನಶೀಲತೆ, ಯಾವುದರಲ್ಲೂ ನಂಬುವಂಥ ವ್ಯತ್ಯಾಸ ಸಿಗಲಿಲ್ಲ. ಲೀಟಾ ಹಾಲಿಂಗ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ನ್ಯೂಯಾರ್ಕಿನಲ್ಲಿ ಹೆಂಗಸರಿಗೆ ದಿನಾ ಪರೀಕ್ಷೆ ಕೊಟ್ಟು, ಮುಟ್ಟಿನ ದಿನಗಳಲ್ಲೂ ಕೆಲಸ ಕೆಡುವುದಿಲ್ಲ ಎಂದು 1914ರಲ್ಲೇ ಬರೆದಿದ್ದರು. ಮುಟ್ಟಾದಾಗ ಕೆಲಸ ಕೆಡುತ್ತದೆ ಅನ್ನುವುದೇ ಹೆಂಗಸರಿಗೆ ಜವಾಬ್ದಾರಿ ಕೆಲಸ ಕೊಡದಿರಲು ಆಗ ನೆಪ. ನೀವು ಹೊಗಳಿಕೆ ಅಂದುಕೊಂಡು ಬರೆದದ್ದು ನಾಳೆ ಇನ್ಯಾರಿಗೋ ಅದೇ ನೆಪವಾಗಬಹುದು, ಅಲ್ವಾ?

ಎಲ್ಲರ ಋತುಚಕ್ರವೂ 28 ದಿನ ಅಂದಿದ್ದೀರಿ. ಆದರೆ ಏಳನೇ ಪುಟದಲ್ಲಿ ನಿಮ್ಮ ಅಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ನಿಮ್ಮ ಡೇಟಿಗೆ ಚುಕ್ಕಿ ಇಡುತ್ತಾರೆ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಎಷ್ಟು ದಿನ ಅಂತ ಎಣಿಸಿದೆ: 31, 26, 34. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಹೆಚ್ಚುಕಮ್ಮಿ 14 ದಿನ ಮುಂಚೆ, ಈಸ್ಟ್ರೋಜನ್ ಏರುವುದು ಅದಕ್ಕೆ ಸ್ವಲ್ಪ ಮುಂಚೆ. 34 ದಿನದ ಸಲ ನಿಮ್ಮ ‘ಎರಡನೇ ವಾರದ ಕವಿತೆ’ ಮೂರನೇ ವಾರಕ್ಕೆ ಹೋಯಿತು. ನಿಮ್ಮ ಅಮ್ಮನ ಚುಕ್ಕಿಗಳೇ ನಿಮ್ಮ ಆರು ಪುಟವನ್ನು ಸುಳ್ಳು ಮಾಡುತ್ತಿವೆ.

ಆ ಏಳನೇ ಪುಟ ಮಾತ್ರ ಅಪ್ಪಟ ನಿಮ್ಮದು. ಸೆಕೆಂಡ್ ಪಿಯು ಗಣಿತದ ಪರೀಕ್ಷೆ. ಐದು ಮಾರ್ಕಿನ ಲೆಕ್ಕ ಬರುತ್ತಿತ್ತು. ಹಾಳೆ ಮುಗಿದಿತ್ತು. ಅಡಿಷನಲ್ ಶೀಟ್ ಕೇಳಲು ಎದ್ದು ನಿಲ್ಲಬೇಕು, ಹಿಂದೆ ಹುಡುಗರ ಸಾಲು. ನೀವು ಏಳಲಿಲ್ಲ. ಬೆಲ್ ಆದ ಮೇಲೆ ಗೆಳತಿಗೆ, ‘ಹಿಂದೆ ನೋಡೇ, ಏನಾದ್ರೂ ಆಗಿದ್ಯಾ?’ ‘ಏನೂ ಇಲ್ಲ ಕಣೇ.’

ಮುಟ್ಟಿಗೂ ಕಲಿಕೆಗೂ ಇರುವ ಸಂಬಂಧ ಇಲ್ಲಿದೆ ನೋಡಿ. ಇದನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ ಮತ್ತೆ ಹಾರ್ಮೋನಿಗೆ ಓಡಿಹೋಗಿದ್ದೀರಿ! ಇಲ್ಲೇ ನಿಲ್ಲಿ. ಹೊಟ್ಟೆನೋವು ಇತ್ತಾ? ಗರ್ಭಕೋಶವನ್ನು ಹಿಂಡುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಬಗ್ಗೆ ಒಂದು ಸಾಲು ಹಾಕಿದರೆ ಸಾಕು. ಹಿಂದಿನ ರಾತ್ರಿ ನಿದ್ದೆ ಬಂದಿತ್ತಾ? ಸೆಂಟರಿನ ಟಾಯ್ಲೆಟ್ಟಿನಲ್ಲಿ ನೀರು ಬರುತ್ತಿತ್ತಾ? ರಕ್ತ ಕಮ್ಮಿ ಇದ್ದರೆ ಸುಸ್ತು ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ.

ಮೂರು ಪುಟಕ್ಕಿಂತ ಜಾಸ್ತಿ ಬೇಡ. ಕ್ಯಾಲೆಂಡರ್ ವಿಷಯ ಅಮ್ಮನಿಗೆ ಓದಿ ಹೇಳಿ, ಅವರು ಒಪ್ಪಿದರೆ ಮಾತ್ರ ಇಡಿ. ಮೈಸೂರಿಗೆ ಬಂದರೆ ಕಚೇರಿಗೂ ಬನ್ನಿ, ಮಧ್ಯಾಹ್ನ ಮೂರರ ಮೇಲೆ ಇರುತ್ತೇನೆ. ಅಂದ ಹಾಗೆ, ಆ ಐದು ಮಾರ್ಕಿನ ಲೆಕ್ಕ ಯಾವುದು? ಅದನ್ನೂ ಬರೆಯಿರಿ.

ಇಂತಿ,
ಸಂಪಾದಕಿ